ಬಿಸಿ ಗೊತ್ತಾಗ್ತದಾ

ಹುಡುಗಿಗೆ ಬುದ್ಧಿ ಇದೆ ಮೇಡಂ, ಆದರೆ ಅಟಿಟ್ಯೂಡ್ ಸರಿ ಇಲ್ಲ. ಮುಲುಂಡಿನಿಂದ ಹೊರಟ ಸ್ಲೋ ಲೋಕಲ್‌ನಲ್ಲಿ, ಇಬ್ಬರ ಬೆವರಿದ ಬೆನ್ನುಗಳ ನಡುವೆ ಸಿಕ್ಕಿಕೊಂಡು, ಮೇಲಿನ ಹಿಡಿಕೆಗೆ ಜೋತುಬಿದ್ದು ನಿಂತಿದ್ದ ಸುಹಾಸ ಈ ಮಾತನ್ನು ಮನಸ್ಸಿನಲ್ಲೇ ಆಡಿ ನೋಡಿದ. ಬುದ್ಧಿ ಇದೆ ಅನ್ನುವುದನ್ನು ತೆಗೆದುಹಾಕಿದರೆ ಇನ್ನೂ ಚೆನ್ನ ಅನ್ನಿಸಿತು. ಇವತ್ತು ಸಂಜೆ ಕಾಲೇಜಿನ ಮೇಡಂ ಫೋನ್ ಮಾಡುತ್ತಾರೆ. ಪ್ರೈವೇಟ್ ಕ್ಲಿನಿಕ್ಕಿನಲ್ಲಿ ಪೋಸ್ಟಿಂಗ್ ಮುಗಿಸುವ ಪ್ರತಿ ಫಿಸಿಯೋಥೆರಪಿ ವಿದ್ಯಾರ್ಥಿಯ ಬಗ್ಗೆ ಅವರು ಕೇಳುವುದು ಒಂದೇ ಪ್ರಶ್ನೆ: ಪಾಸ್ ಮಾಡೋಣವೇ, ಇನ್ನೊಮ್ಮೆ ಕಳಿಸೋಣವೇ? ಇನ್ನೊಮ್ಮೆ ಅಂದರೆ ಶಿವಕುಮಾರಿ ಎಂಬ ಆ ಹುಡುಗಿ, ಜೊತೆಯವರೆಲ್ಲ ಡಿಗ್ರಿ ಹಿಡಿದು ಹೊರಟ ಮೇಲೂ ಅರ್ಧ ವರ್ಷ ಹಿಂದೆ ಕೂರಬೇಕು. ಕೂರಲಿ. ಕೂತರೆ ಪ್ರಾಣವೇನೂ ಹೋಗುವುದಿಲ್ಲ. ನನ್ನ ಕ್ಲಿನಿಕ್ಕಿನಲ್ಲಿ ನಿಂತು, ನನ್ನ ಕೋಟು ತೊಟ್ಟು, ನನ್ನ ಪೇಷೆಂಟಿನ ಎದುರಿಗೆ ನನ್ನ ಮಷಿನ್ನು ಸತ್ತಿದೆ ಅನ್ನುವ ಧೈರ್ಯ ಇವಳಿಗೆ ಎಲ್ಲಿಂದ ಬಂತು? ಭಾಂಡುಪ್ ಸ್ಟೇಷನ್ ಬಂತು, ಬೆನ್ನುಗಳು ಬದಲಾದವು, ಬೆವರು ಅದೇ ಇತ್ತು.

ನಿನ್ನೆ ಆದದ್ದು ಇಷ್ಟೇ. ಚಂಪಕ್ಕ ಎಂದಿನಂತೆ ಭುಜದ ನೋವಿಗೆಂದು ಬಂದು ಮಂಚದ ಮೇಲೆ ಒರಗಿದ್ದರು. ಸುಹಾಸ ಪಕ್ಕದ ಪರದೆಯಾಚೆ ಬ್ಯಾಂಕಿನಿಂದ ನಿವೃತ್ತರಾದ ಮರಾಠಿ ಮುದುಕರೊಬ್ಬರ ಕತ್ತು ಹಿಡಿದುಕೊಂಡಿದ್ದ. ಅಲ್ಟ್ರಾಸೌಂಡ್ ಹಚ್ಚು ಎಂದು ಶಿವಕುಮಾರಿಗೆ ಕೂಗಿ ಹೇಳಿದ. ಅದೇನು ದೊಡ್ಡ ವಿದ್ಯೆಯಲ್ಲ. ಭುಜಕ್ಕೆ ಜೆಲ್ ಸವರಿ, ಮಷಿನ್ನಿನ ಹೆಡ್ಡನ್ನು, ಅಂದರೆ ತಂತಿಯ ತುದಿಗಿರುವ ಆ ಉಕ್ಕಿನ ಬಿಲ್ಲೆಯನ್ನು, ಅದರ ಮೇಲಿಟ್ಟು ಮೆಲ್ಲಗೆ ಸುತ್ತಿಸುತ್ತಾ ಇರಬೇಕು. ಒಳಗಿಂದ ಬರುವ ಅಲೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಪೇಷೆಂಟಿಗೆ ಒಂಚೂರು ಬೆಚ್ಚಗಾದರೆ ಆಯಿತು. ಈ ಮಹಾರಾಯತಿ ಏನು ಮಾಡಿದಳು? ಜೆಲ್ ಹಚ್ಚುವ ಮೊದಲು ಹೆಡ್ಡನ್ನು ಅಂಗಾತ ಹಿಡಿದು, ತನ್ನ ಬಾಟಲಿಯಿಂದ ಒಂದು ಹನಿ ನೀರು ಹಾಕಿ, ಮಷಿನ್ನಿನ ಪವರ್ ಏರಿಸುವ ಬಿರಟೆ ತಿರುಗಿಸಿ, ಬಗ್ಗಿ ನೋಡಿದಳು. ಕಾಲೇಜಿನಲ್ಲಿ ಕಲಿಸುವ ಪರೀಕ್ಷೆ ಅದು. ಅಲೆ ಬರುತ್ತಿದ್ದರೆ ಹನಿ ಕುದಿದಂತೆ ನಡುಗಬೇಕು. ಎಲ್ಲರೂ ಕಲಿತಿರುತ್ತಾರೆ, ಕಾಲೇಜಿನ ಗೇಟು ದಾಟಿದ ಮೇಲೆ ಯಾರೂ ಮಾಡುವುದಿಲ್ಲ. ಇವಳು ಮಾಡಿದಳು. ಮಾಡಿದ್ದಲ್ಲದೆ ಪರದೆ ಸರಿಸಿ, "ಸರ್, ನೀರು ಅಲಗಾಡವಲ್ದ್ರಿ. ಔಟ್‌ಪುಟ್ ಬರವಲ್ದು ಅನಸ್ತದ" ಅಂದಳು. ಅದನ್ನು ಇಂಗ್ಲಿಷಿನಲ್ಲಿ ಹೇಳಬಹುದಿತ್ತು. ಇಡೀ ದಿನ ಅವನ ಜೊತೆ ಇಂಗ್ಲಿಷಿನಲ್ಲಿ ತಡವರಿಸುವ ಹುಡುಗಿ, ಇದೊಂದನ್ನು ಮಾತ್ರ ಚಂಪಕ್ಕನಿಗೂ ಅರ್ಥವಾಗುವ ಹಾಗೆ ಅಚ್ಚ ಕನ್ನಡದಲ್ಲಿ ಹೇಳಿದ್ದಳು. ವೈರ್ ಲೂಸ್ ಇರಬೇಕು, ನೀನು ಹೋಗಿ ಟವೆಲ್ ಮಡಚು ಎಂದು ಅವಳನ್ನು ಅಟ್ಟಿದ. ಮಂಚದ ಮೇಲಿಂದ ಚಂಪಕ್ಕ ನಕ್ಕಿದ್ದರು. "ನಿನ್ನ ಅಪ್ಪ ಸಹ ಕಾವಲಿಗೆ ಹೀಗೇ ನೀರು ಹೊಡೆದು ನೋಡ್ತಾ ಇದ್ದದ್ದು ಮಗಾ. ಚುಂಯ್ ಅಂದ್ರೆ ಮಾತ್ರ ಹಿಟ್ಟು ಹಾಕುದು."

ಅವರು ಚುಚ್ಚಲೆಂದು ಹೇಳಿದ್ದಲ್ಲ. ಚಂಪಕ್ಕನಿಗೆ ಚುಚ್ಚುವುದು ಗೊತ್ತಿಲ್ಲ. ಆದರೂ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ದೋಸೆ ಕಂಡು ಸುಹಾಸ ತಟ್ಟೆ ಸರಿಸಿ ಎದ್ದಿದ್ದ. ಅವನ ಅಪ್ಪ ಪೂವಪ್ಪ ಮಾಟುಂಗಾದಲ್ಲಿ ಚಂಪಕ್ಕನ ಗಂಡನ ಹೋಟೆಲಿನಲ್ಲಿ ಬದುಕಿಡೀ ದೋಸೆ ಹೊಯ್ದವನು. ಗಂಡ ತೀರಿಹೋದ ಮೇಲೆ ಚಂಪಕ್ಕನೇ ದುಡ್ಡು ಎಣಿಸುವ ಗಲ್ಲೆಯ ಮೇಲೆ ಕೂತರು. ಶಾಲೆ ಬಿಟ್ಟ ಮೇಲೆ ಸುಹಾಸ ಆ ಗಲ್ಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದ. ಕೊನೆಕೊನೆಗೆ ಅಪ್ಪನ ಕೈ ನಡುಗುತ್ತಿತ್ತು, ಕಣ್ಣು ಮಂಜಾಗಿತ್ತು, ದೋಸೆಗಳು ಸೀದು ಬರುತ್ತಿದ್ದವು. ಗಿರಾಕಿ ತಟ್ಟೆ ಎತ್ತಿ ತೋರಿಸಿದರೆ ಚಂಪಕ್ಕ ಗಲ್ಲೆಯಿಂದಲೇ, ಇವತ್ತು ಗರಿಗರಿ ಉಂಟು, ತಿನ್ನಿ ಅನ್ನುತ್ತಿದ್ದರು. ಎಷ್ಟು ಮೆತ್ತಗೆ, ಎಷ್ಟು ಖಾತ್ರಿಯಿಂದ ಅನ್ನುತ್ತಿದ್ದರೆಂದರೆ ಗಿರಾಕಿ ತಿಂದೇ ಏಳುತ್ತಿದ್ದ. ಹುಡುಗ ಸುಹಾಸ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಮುಂದೆ ಅವನು ಸಯನ್‌ನಲ್ಲಿ ಒಂದು ಹಳೆಯ ಬಿಲ್ಡಿಂಗಿನ ನೆಲಮಹಡಿಯಲ್ಲಿ ಕ್ಲಿನಿಕ್ ಹಾಕಿದಾಗ ದೀಪ ಹಚ್ಚಿದವರು ಚಂಪಕ್ಕ, ಮೊದಲು ಮಂಚ ಹತ್ತಿದವರೂ ಅವರೇ. ಪೂವಪ್ಪನ ಮಗ ಡಾಕ್ಟರ್ ಎಂದು ಮಾಟುಂಗಾ, ಸಯನ್‌ನ ನಮ್ಮವರಿಗೆಲ್ಲ ಹೇಳಿ ಕಳಿಸಿದವರೂ ಅವರೇ. ಅಂಥವರ ಮುಂದೆ.

ಕುರ್ಲಾದಲ್ಲಿ ಜನ ಉರುಳಿ ಬಂದರು. ಯಾರದೋ ಬ್ಯಾಗಿನ ಮೂಲೆ ಪಕ್ಕೆಗೆ ಒತ್ತಿತು. ಈ ಹುಡುಗಿಗೆ ಬ್ಯಾಗು ಹೊರುವುದು ಗೊತ್ತೇ? ಅವನು ವಿದ್ಯಾರ್ಥಿಯಾಗಿದ್ದಾಗ ಬಾಂದ್ರಾದ ಒಬ್ಬ ದೊಡ್ಡ ಫಿಸಿಯೋಥೆರಪಿಸ್ಟರ ಬಳಿ ಪೋಸ್ಟಿಂಗ್ ಬಿದ್ದಿತ್ತು. ಕಲಿತದ್ದು ಮಷಿನ್ ಹೊರುವುದನ್ನು. ಆಗಿನ ಮಷಿನ್ ಅಂದರೆ ಕಬ್ಬಿಣದ ಪೆಟ್ಟಿಗೆ. ಅದನ್ನು ಹೆಗಲಿಗೆ ಹಾಕಿಕೊಂಡು ಶ್ರೀಮಂತರ ಮನೆಮನೆಗೆ ಹೋಗಬೇಕು. ವಾಚ್‌ಮನ್ ಅವನನ್ನು ಮುಂದಿನ ಲಿಫ್ಟಿಗೆ ಬಿಡದೆ ಹಾಲಿನವನು, ನಾಯಿ ತಿರುಗಿಸುವವನು ಹತ್ತುವ ಹಿಂದಿನ ಲಿಫ್ಟಿಗೆ ಕಳಿಸುತ್ತಿದ್ದ. ಒಬ್ಬ ಹೆಂಗಸು ಬಾಗಿಲು ತೆರೆದು ಅವನ ಮುಖ ನೋಡದೆ ಒಳಗೆ ತಿರುಗಿ, ಮಷಿನ್‌ವಾಲಾ ಆಯಾ ಹೈ, ಮಷಿನ್ನಿನವನು ಬಂದಿದ್ದಾನೆ, ಅಂದಿದ್ದಳು. ಆ ಮಾತು ಇವತ್ತಿಗೂ ಅವನ ಕಿವಿಯಿಂದ ಹೋಗಿಲ್ಲ. ಅವತ್ತೇ ನಿಶ್ಚಯಿಸಿದ್ದ, ತನ್ನ ಕ್ಲಿನಿಕ್ಕಿಗೆ ಬರುವ ಮಕ್ಕಳಿಗೆ ಈ ಗತಿ ಬರಬಾರದು ಎಂದು. ಅದಕ್ಕೇ ಬಂದ ಮೊದಲ ದಿನವೇ ಬಿಳಿ ಕೋಟು ಕೊಡುತ್ತಾನೆ, ಹೆಸರಿನ ಮೊದಲು ಡಾಕ್ಟರ್ ಎಂದಿರುವ, ಎದೆಗೆ ಸಿಕ್ಕಿಸುವ ಬಿಲ್ಲೆ ಮಾಡಿಸಿ ಕೊಡುತ್ತಾನೆ, ಪೇಷೆಂಟಿಗೆ ಇವರು ನಮ್ಮ ಜೂನಿಯರ್ ಡಾಕ್ಟರ್ ಎಂದು ಪರಿಚಯಿಸುತ್ತಾನೆ. ಮಧ್ಯಾಹ್ನಕ್ಕೆ ತನ್ನ ದುಡ್ಡಿನಲ್ಲಿ ವಡಾಪಾವ್ ತರಿಸುತ್ತಾನೆ. ಇದೆಲ್ಲ ಯಾರು ಮಾಡುತ್ತಾರೆ? ಶಿವಕುಮಾರಿ ಕೋಟು ತೊಟ್ಟುಕೊಂಡಳು, ವಡಾಪಾವನ್ನೂ ತಿಂದಳು. ಬಿಲ್ಲೆಯನ್ನು ಮಾತ್ರ ತೆಗೆದು ಕಿಸೆಯಲ್ಲಿಟ್ಟುಕೊಂಡಳು.

ಕ್ಲಿನಿಕ್ಕಿನ ಬಾಗಿಲು ದೂಡುವಾಗಲೇ ಅವಳ ದನಿ ಕೇಳಿತು. ಬ್ಯಾಂಕಿನ ಮುದುಕರು ಬೇಗ ಬಂದು ಕುರ್ಚಿಯಲ್ಲಿ ಕೂತಿದ್ದರು. ಅವಳು ಅವರೆದುರು ಕೈಕಟ್ಟಿ ನಿಂತು, ಮೈ ಸ್ಟುಡೆಂಟ್ ಹೂಂ, ಸರ್ ಸೆ ಸೀಖ್ ರಹೀ ಹೂಂ, ಹಾಥ್ ಲಗಾಊಂ ಕ್ಯಾ ಎಂದು ಕೇಳುತ್ತಿದ್ದಳು. ದಿನವೂ ಹೀಗೆಯೇ. ಪ್ರತಿಯೊಬ್ಬರಿಗೂ, ನಾನು ವಿದ್ಯಾರ್ಥಿ, ಮುಟ್ಟಲೇ ಎಂದು ಅಪ್ಪಣೆ ಕೇಳುವುದು. ಸರಕಾರಿ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆ. ಇಲ್ಲಿ ದುಡ್ಡು ಕೊಟ್ಟು ಬರುವವನು ವಿದ್ಯಾರ್ಥಿ ಅಂದಕೂಡಲೇ ಮೈ ಹಿಂದಕ್ಕೆ ಸರಿಸುತ್ತಾನೆ, ಡಾಕ್ಟರ್ ಎಲ್ಲಿ ಅನ್ನುತ್ತಾನೆ. ಮುದುಕರು ಸುಹಾಸನನ್ನು ಕಂಡು, ಆ ಗಯೇ ಡಾಕ್ಟರ್ ಎಂದು ಎದ್ದರು. ಅವನ ಮೈ ಉರಿಯಿತು. ಬಿಲ್ಲೆ ಎಲ್ಲಿ ಎಂದು ಅವಳನ್ನು ಎಲ್ಲರೆದುರೇ ಕೇಳಿದ. ಅವಳು ಕಿಸೆಯಿಂದ ತೆಗೆದು ತೋರಿಸಿದಳು. ಹಾಕಿಕೊಳ್ಳಲು ಏನು ರೋಗ ಎಂದ.

"ನಾ ಇನ್ನಾ ಡಾಕ್ಟರ್ ಆಗಿಲ್ಲಲ್ರಿ ಸರ್."

ಎದುರು ಮಾತಲ್ಲ, ಸಿಟ್ಟಿಲ್ಲ, ಕೊಂಕೂ ಇಲ್ಲ. ಮಳೆ ಬರುತ್ತಿದೆ ಅನ್ನುವ ಹಾಗೆ ಹೇಳಿದ್ದಳು. ಅದೇ ಅವನಿಗೆ ತಡೆಯಲಾಗದ್ದು. ಇವಳ ಅಪ್ಪ ಕಾಶಪ್ಪ ಕಲಬುರಗಿ ಕಡೆಯಿಂದ ಬಂದು ಬಿಲ್ಡಿಂಗ್ ಕೆಲಸಕ್ಕೆ ಹೋಗುವವನು, ಸೆಂಟ್ರಿಂಗ್ ಹಲಗೆ ಬಡಿಯುವವನು. ಮೊದಲ ದಿನ ಇದನ್ನು ಕೇಳಿದಾಗ ಸುಹಾಸನಿಗೆ ಇವಳ ಮೇಲೆ ಒಂದು ಬಗೆಯ ಮಮತೆ ಹುಟ್ಟಿತ್ತು. ನನ್ನ ಹಾಗೆಯೇ ಬಂದವಳು, ಇವಳಿಗೆ ಹೇಳಿಕೊಡಬೇಕು ಅಂದುಕೊಂಡಿದ್ದ. ಈ ನಗರದಲ್ಲಿ ನಮ್ಮಂಥವರು ಯಾವಾಗ ತಲೆ ಎತ್ತಬೇಕು, ಯಾವಾಗ ಬಾಯಿ ಮುಚ್ಚಬೇಕು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಹೇಳಿಕೊಡಬೇಕೆಂದಿದ್ದ. ಕೃತಘ್ನೆ. ಇವತ್ತು ಯಾರನ್ನೂ ಮುಟ್ಟಬೇಡ, ಟವೆಲ್ ನೋಡಿಕೋ ಅಂದ. ಅವಳು ಹ್ಞೂಂ ಎಂದು ಮೂಲೆಯ ಬೆಂಚಿಗೆ ಹೋಗಿ ಟವೆಲುಗಳ ರಾಶಿಯ ಮುಂದೆ ಕೂತಳು. ಮಡಚಿದಳು. ಬಹಳ ಚೆನ್ನಾಗಿ ಮಡಚಿದಳು, ಅದನ್ನೂ ಅವನಿಗೆ ಸಹಿಸಲಾಗಲಿಲ್ಲ.

ಮುದುಕರ ಕತ್ತು ಎಳೆಯುತ್ತಾ ಅವನ ಕಣ್ಣು ಮಷಿನ್ನಿನ ಮೇಲೇ ಹೋಗುತ್ತಿತ್ತು. ಟ್ರಾಲಿಯ ಮೇಲೆ ಅದು ಸುಮ್ಮನೆ ಕೂತಿತ್ತು, ಹಸಿರು ದೀಪ ಉರಿಯುತ್ತಿತ್ತು. ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಅವನೊಬ್ಬನೇ ಇದ್ದ. ಒಂದು ಹನಿ ನೀರು ಹಾಕಿ ನೋಡಿದ್ದರೆ ಮುಗಿಯುತ್ತಿತ್ತು. ನೋಡಲಿಲ್ಲ. ಟ್ರೈನು ತಪ್ಪುತ್ತದೆ ಎಂದು ಹೊರಟುಬಿಟ್ಟ. ನೋಡಲು ಏನಿದೆ? ಈ ಮಷಿನ್ನಿನಿಂದ ಎಷ್ಟು ಜನ ಗುಣವಾಗಿ ಹೋಗಿಲ್ಲ? ಚಂಪಕ್ಕನೇ ಸಾಕ್ಷಿ. ಬಂದಾಗ ಅವರಿಗೆ ಕೈ ಎತ್ತಿ ತುರುಬು ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ, ಸೊಸೆಯ ಮುಂದೆ ತಲೆ ಬಗ್ಗಿಸಿ ಕೂರಬೇಕಾಗುತ್ತಿತ್ತು. ಹೋದ ವಾರ ತಾವೇ ಕಟ್ಟಿಕೊಂಡು ಬಂದಿದ್ದರು. ಈ ಹುಡುಗಿ ಕೈಯೆತ್ತಿಸಿ ವ್ಯಾಯಾಮ ಮಾಡಿಸುತ್ತಿದ್ದಳು, ನಿಜ. ಆದರೆ ಬರೀ ಕೈಯೆತ್ತಿಸಿದರೆ ಜನ ಒಪ್ಪುತ್ತಾರೆಯೇ? ಕೈಯಿಂದ ಮಾಡಿದರೆ ಮಾಲೀಶು ಅನ್ನುತ್ತಾರೆ, ಬಾಯಿಂದ ಹೇಳಿಕೊಟ್ಟರೆ ಮಾತಿಗೆ ಯಾಕೆ ದುಡ್ಡು ಅನ್ನುತ್ತಾರೆ. ತಂತಿ ಇರಬೇಕು, ದೀಪ ಇರಬೇಕು, ಕೊನೆಗೆ ಟಿಣ್ ಅನ್ನಬೇಕು, ಆಗ ಚಿಕಿತ್ಸೆ. ಕಾಲೇಜಿನವರು ಇದನ್ನು ಕಲಿಸುತ್ತಾರೆಯೇ? ಬಾಡಿಗೆ ಕಟ್ಟಿ ಗೊತ್ತಿಲ್ಲದ ಮೇಡಮ್ಮುಗಳು ನೀರಿನ ಹನಿ ಕಲಿಸಿ ಮಕ್ಕಳನ್ನು ನಮ್ಮ ತಲೆಗೆ ಕಟ್ಟುತ್ತಾರೆ, ಮೇಲೆ ಥ್ಯಾಂಕ್ಯೂ ಬೇರೆ ನಿರೀಕ್ಷಿಸುತ್ತಾರೆ. ಕತ್ತು ಜೋರಾಗಿ ಎಳೆದನೆಂದು ಕಾಣುತ್ತದೆ, ಮುದುಕರು ಅರೆ ಎಂದರು. ಸಾರಿ ಅಂದ.

ಮಧ್ಯಾಹ್ನ ಚಹಾ ಕುಡಿಯುವಾಗ ಅದು ಹೊಳೆಯಿತು. ಲೋಟ ಕೆಳಗಿಟ್ಟುಬಿಟ್ಟ. ಮಷಿನ್ನಿಗೆ ಇರುವುದು ಎರಡು ಹೆಡ್ಡು, ಭುಜಕ್ಕೆ ದೊಡ್ಡದು, ಬೆರಳು ಕೀಲುಗಳಿಗೆ ಚಿಕ್ಕದು. ಯಾವುದು ಬೇಕೆಂದು ಒಂದು ಗುಂಡಿ ಒತ್ತಿ ಆರಿಸಬೇಕು. ಚಿಕ್ಕದರ ಮೇಲೆ ಬಿಟ್ಟು ದೊಡ್ಡದರ ಮೇಲೆ ನೀರು ಹಾಕಿದರೆ ಹನಿ ಎಲ್ಲಿಂದ ಕುಣಿಯಬೇಕು? ಹೊಸಬರೆಲ್ಲ ಮಾಡುವ ತಪ್ಪು ಅದು. ಅಷ್ಟೇ, ಅಷ್ಟೇ ಆಗಿರುವುದು. ಅವನಿಗೆ ನಗು ಬಂತು, ಎದೆ ಹಗುರಾಯಿತು, ಹುಡುಗಿಯ ಮೇಲೆ ಕರುಣೆ ಕೂಡ ಬಂತು. ಪಾಪ, ಗುಂಡಿ ನೋಡಿಕೊಳ್ಳಲು ಬರದವಳು ಜಗತ್ತು ತಿದ್ದಲು ಹೊರಟಿದ್ದಾಳೆ. ಕ್ಲಿನಿಕ್ ಖಾಲಿ ಇತ್ತು. ಶಿವಕುಮಾರಿ ಸ್ಟೇಷನ್ ಕಡೆ ಹೋಗಿದ್ದಳು. ಮಷಿನ್ನು ಕೈಗೆಟಕುವಷ್ಟು ಹತ್ತಿರದಲ್ಲಿತ್ತು, ಕುಡಿಯುವ ನೀರಿನ ಬಾಟಲಿ ಮೇಜಿನ ಮೇಲಿತ್ತು. ಈಗಲೇ ನೋಡಿಬಿಡಬಹುದು ಎಂದು ಎದ್ದ. ಎದ್ದು ಕಿಟಕಿಯ ತನಕ ಹೋಗಿ ವಾಪಸ್ ಬಂದು ಕೂತ. ನಾನ್ಯಾಕೆ ನೋಡಬೇಕು? ಕಲಿಯಬೇಕಾದವಳು ಅವಳು. ಚಂಪಕ್ಕ ಬರಲಿ, ಅವರ ಎದುರೇ ತೋರಿಸುತ್ತೇನೆ. ನಿನ್ನೆ ಎಲ್ಲಿ ಮರ್ಯಾದೆ ಹೋಯಿತೋ ಅಲ್ಲೇ ಅದು ವಾಪಸ್ ಬರಬೇಕು. ಆಮೇಲೆ ಮೇಡಂ ಫೋನ್ ಮಾಡಿದಾಗ, ಅಟಿಟ್ಯೂಡ್ ಮಾತ್ರವಲ್ಲ ಮೇಡಂ, ಬೇಸಿಕ್ಸೇ ಸರಿ ಇಲ್ಲ, ಇನ್ನೊಮ್ಮೆ ಕಳಿಸಿ ಅನ್ನಬಹುದು. ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದ.

ಚಂಪಕ್ಕ ಬಂದಾಗ ಬಿಸಿಲು ಇಳಿದಿತ್ತು. ತುರುಬನ್ನು ತಾವೇ ಕಟ್ಟಿದ್ದರು, ಸ್ವಲ್ಪ ಓರೆಯಾಗಿತ್ತು, ಅದನ್ನು ತಿರುಗಿ ತೋರಿಸಿದರು. ಮೊದಲು ಕಣ್ಣು ಹಾಯಿಸಿದ್ದು ಟವೆಲಿನ ಬೆಂಚಿಗೆ. ಹುಡುಗಿ ಯಾಕೆ ಅಲ್ಲಿ ಕೂತದ್ದು ಎಂದು ಕೇಳಿದರು. ಸುಹಾಸ ನಗುತ್ತಾ, ಅವಳಿಗೆ ಇವತ್ತು ಒಂದು ಪಾಠ ಉಂಟು ಅಂದ. ಅವರನ್ನು ಮಂಚಕ್ಕೆ ಒರಗಿಸಿ, ಶಿವಕುಮಾರಿಯನ್ನು ಹತ್ತಿರ ಕರೆದ. ದೊಡ್ಡ ಹೆಡ್ಡನ್ನು ಕೈಗೆತ್ತಿಕೊಂಡು ಅಂಗಾತ ಹಿಡಿದು, ಎರಡು ಹೆಡ್ಡು ಇರುವ ಮಷಿನ್ನಿನಲ್ಲಿ ಮೊದಲು ಏನು ನೋಡಬೇಕು ಎಂದು ಕೇಳಿದ. ಅವಳು ಅರೆಕ್ಷಣವೂ ತಡೆಯದೆ, ಯಾವ ಹೆಡ್ ಸೆಲೆಕ್ಟ್ ಆಗ್ಯದ ನೋಡಬೇಕ್ರಿ ಅಂದಳು. ನಿನ್ನೆ ನೋಡಿದ್ದೆಯಾ ಎಂದ. ನೋಡಿದ್ದೆ ಅಂದಳು. ಸುಳ್ಳು ಎಂದುಕೊಂಡು ಅವನು ಗುಂಡಿಯ ಕಡೆ ನೋಡಿದ. ದೊಡ್ಡ ಹೆಡ್ಡಿನ ಪಕ್ಕದ ದೀಪವೇ ಉರಿಯುತ್ತಿತ್ತು. ನಿನ್ನೆಯಿಂದ ಆ ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ವೈರು, ಕಂಪನಿ, ರಿಪೇರಿ ಎಂದು ಏನಾದರೂ ಹೇಳಬಹುದಿತ್ತು. ಆದರೆ ಬಾಟಲಿಯ ಮುಚ್ಚಳ ಆಗಲೇ ಅವನ ಕೈಯಲ್ಲಿ ತೆರೆದುಕೊಂಡಿತ್ತು, ಇಬ್ಬರೂ ನೋಡುತ್ತಿದ್ದರು. ಒಂದು ಹನಿ ಹಾಕಿದ. ಬಿರಟೆ ತಿರುಗಿಸಿದ. ಅಂಕಿ ಏರಿತು. ಹನಿ ಕೂತೇ ಇತ್ತು. ಅದರಲ್ಲಿ ಟ್ಯೂಬ್‌ಲೈಟ್ ಸಣ್ಣದಾಗಿ, ನೆಟ್ಟಗೆ ಕಾಣುತ್ತಿತ್ತು. ಇನ್ನಷ್ಟು ತಿರುಗಿಸಿದ. ಗುಂಡಿಯನ್ನು ಚಿಕ್ಕದಕ್ಕೆ ಒತ್ತಿ, ಮತ್ತೆ ದೊಡ್ಡದಕ್ಕೆ ಒತ್ತಿ, ಮತ್ತೆ ತಿರುಗಿಸಿದ. ಅಂಕಿ ತುದಿಗೆ ಹೋಗಿ ನಿಂತಿತು. ಚಂಪಕ್ಕ ಮೊಣಕೈ ಊರಿ ಸ್ವಲ್ಪ ಎದ್ದು, ಕಾವಲಿ ನೋಡಿ ಗೊತ್ತಿದ್ದ ಕಣ್ಣಿನಲ್ಲಿ ಆ ಹನಿಯನ್ನು ನೋಡಿದರು. ಆಮೇಲೆ ಮತ್ತೆ ಮಲಗಿದರು.

ಯಾರಾದರೂ ಮಾತಾಡಬೇಕಿತ್ತು. ಹುಡುಗಿಯಾದರೂ, ನಾ ಹೇಳಿದ್ದೆನಲ್ಲಾ ಸರ್ ಎಂದು ಅನ್ನಬೇಕಿತ್ತು. ಅಂದಿದ್ದರೆ ಅವನು ಬೈಯಬಹುದಿತ್ತು, ಗಂಟಲು ತುಂಬ ಬೈಗುಳ ಸಿದ್ಧವಾಗಿತ್ತು. ಅವಳು ಸುಮ್ಮನೆ ನೆಲ ನೋಡುತ್ತಿದ್ದಳು. ಅವಳು ನೆಲ ನೋಡುವುದು ತನಗೋಸ್ಕರ ಎಂದು ತಿಳಿದು ಸುಹಾಸನಿಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ. ಕೈ ಮಾತ್ರ ತನ್ನಷ್ಟಕ್ಕೆ ಕೆಲಸ ಶುರುಮಾಡಿತ್ತು. ಹನಿಯ ಮೇಲೇ ಜೆಲ್ ಹಿಂಡಿ, ಹೆಡ್ಡನ್ನು ಚಂಪಕ್ಕನ ಭುಜಕ್ಕಿಟ್ಟು, ಟೈಮರ್ ಒತ್ತಿ, ಸುತ್ತಿಸತೊಡಗಿದ. ಆಗ ಮೇಜಿನ ಮೇಲೆ ಅವನ ಫೋನು ಬಡಿದುಕೊಂಡಿತು. ಕಾಲೇಜಿನ ಮೇಡಂ. ಎರಡೂ ಕೈಗೆ ಜೆಲ್ ಮೆತ್ತಿತ್ತು. ಹೆಡ್ಡನ್ನು ಇಟ್ಟು ಕೈ ಒರಸಿಕೊಳ್ಳಬಹುದಿತ್ತು, ಆದರೆ ಹೆಡ್ಡನ್ನು ಇಡುವುದು ಯಾಕೋ ಆಗಲಿಲ್ಲ. ಹಿಡಿ ಎಂದು ಹುಡುಗಿಗೆ ಸನ್ನೆ ಮಾಡಿದ. ಅವಳು ಫೋನೆತ್ತಿ ಅವನ ಕಿವಿಗೆ ಹಿಡಿದು ನಿಂತಳು. ಅವಳ ಕೈಗೆ ಸಾಬೂನಿನ ವಾಸನೆ ಇತ್ತು. ಮೇಡಂ ಲವಲವಿಕೆಯಿಂದ, ಶಿವಕುಮಾರಿ ಹೇಗೆ, ಪಾಸ್ ತಾನೇ ಎಂದು ಕೇಳಿದರು. ಬೆಳಗಿನಿಂದ ತಿದ್ದಿ ಇಟ್ಟಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ಜೆಲ್ಲಿನ ಅಡಿಯಿಂದ ಆ ನೀರು ಜಾರಿ ಅವನ ಮಣಿಕಟ್ಟಿಗಿಳಿದು ಅಂಗಿಯ ತೋಳಿನೊಳಗೆ ಹೋಯಿತು.

"ಪಾಸ್ ಮೇಡಂ," ಅಂದ. "ಹುಷಾರಿನ ಹುಡುಗಿ. ಏನೂ ತೊಂದರೆ ಇಲ್ಲ."

ಮೇಡಂ ಸಂತೋಷಪಟ್ಟು ಮುಂದಿನ ಬ್ಯಾಚಿನ ಇಬ್ಬರನ್ನು ಕಳಿಸುತ್ತೇನೆ ಎಂದರು. ಹುಡುಗಿ ಫೋನನ್ನು ಮೇಜಿನ ಮೇಲಿಟ್ಟಳು. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೂ ಅದು ಲಂಚದ ಹಾಗೆ ಕೇಳಿಸಿತ್ತು, ಅವಳ ಬಾಯಿ ಮುಚ್ಚಿಸಲು ಕೊಟ್ಟ ಹಾಗೆ, ಅದೂ ಅವಳ ಕೈಯಲ್ಲೇ ಹಿಡಿಸಿ. ನಿಜ ಹೇಳಿದರೂ ಕಳ್ಳನ ಹಾಗೆ ಕೇಳಿಸುವಂತೆ ಮಾಡಿದಳಲ್ಲ ಎಂದು ಅವನ ಒಳಗೆ ಕುದಿಯಿತು. ಥ್ಯಾಂಕ್ಯೂ ಅಂದಾಳೇನೋ ಎಂದು ಕಾದ. ಅವಳು ಮಷಿನ್ನಿನ ಅಂಕಿಗಳನ್ನು ನೋಡುತ್ತಿದ್ದಳು. ಅವನ ಬಾಯಿಂದ, ದಿನಕ್ಕೆ ಎಷ್ಟೋ ಸಲ ಎಷ್ಟೋ ಭುಜ ಮೊಣಕಾಲುಗಳ ಮೇಲೆ ಬಗ್ಗಿ ಕೇಳುವ ಪ್ರಶ್ನೆ ತಾನಾಗಿ ಹೊರಟುಬಿಟ್ಟಿತು.

"ಬಿಸಿ ಗೊತ್ತಾಗ್ತದಾ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಶಿವಕುಮಾರಿ ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದಳು.

"ಸರ್, ಮಷಿನ್ ಬಂದ್ ಮಾಡ್ಲ್ಯಾ?"

ಅವಳ ಕೈ ಸ್ವಿಚ್ಚಿನ ತನಕ ಹೋಗಿತ್ತು. ಮಾಡು ಅಂದರೆ ಸಾಕಿತ್ತು. ಅವನು ಬಾಯಿ ತೆರೆಯುವ ಮೊದಲೇ ಮಂಚದಿಂದ ಚಂಪಕ್ಕನ ದನಿ ಬಂತು, ಮೆತ್ತಗೆ, ಖಾತ್ರಿಯಿಂದ, ಗಲ್ಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಅವನು ಪುಸ್ತಕದಿಂದ ತಲೆ ಎತ್ತದೆ ಕೇಳುತ್ತಿದ್ದ ಅದೇ ದನಿ.

"ಇರ್ಲಿ ಮಗಳೇ, ಟೈಮ್ ಆಗ್ಲಿ. ಬೆಚ್ಚಗೆ ಉಂಟು ನಂಗೆ."

ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡು, ಮಡಚಿದ್ದ ಟವೆಲೊಂದನ್ನು ತಂದು ಮಂಚದ ಪಕ್ಕ ಹಿಡಿದು ನಿಂತಳು. ಚಂಪಕ್ಕ ಕಣ್ಣು ಮುಚ್ಚಿದ್ದರು. ಟೈಮರಿನಲ್ಲಿ ಇನ್ನೂ ಹೊತ್ತಿತ್ತು. ಸುಹಾಸ ಅವರ ಭುಜದ ಮೇಲೆ ಆ ತಣ್ಣನೆಯ ಉಕ್ಕನ್ನು ಸುತ್ತಿಸುತ್ತಾ ಇದ್ದ.